ಮುಯ್ಯಿಯ ಪುಸ್ತಕವೂ ಮರಿಸ್ವಾಮಿಯವರ ಮಗಳ ಮದುವೆಯೂ

ಸುಟ್ಟುಹೋದ ಮೋಟಾರನ್ನು ನನ್ನ ಅಂಗಡಿಗೆ ತಂದ ರೈತನಿಗೆ ನಾಳಿದ್ದು ಕೊಡುತ್ತೇನೆಂದು ಹೇಳಿ ಒಂದು ವಾರ ಸತಾಯಿಸಿದರೆ ಅವನು ನನ್ನ ವಂಶವನ್ನೆಲ್ಲ ಜಾಲಾಡಿಬಿಡುತ್ತಾನೆ. ಗದ್ದೆ ಒಣಗುತ್ತಿರುವವನು ಬಯ್ಯದೆ ಇನ್ನೇನು ಮಾಡಿಯಾನು, ಬಯ್ಯಿಸಿಕೊಳ್ಳುತ್ತೇನೆ. ಆದರೆ ನನ್ನ ಹೆಂಡತಿಯ ಪುಸ್ತಕವನ್ನು ವರ್ಷಗಟ್ಟಲೆ ಅಡಿಗೆ ಹಾಕಿಕೊಂಡು ಕೂತಿದ್ದ ಪ್ರಕಾಶಕರಿಗೆ ಮಾತ್ರ ಯಾರೂ ಬಯ್ಯುವಂತಿಲ್ಲ. ಹೋದಾಗಲೆಲ್ಲ ಕೈ ಮುಗಿಯಬೇಕು, ಅವರು ತರಿಸಿಕೊಟ್ಟ ಅರ್ಧ ಲೋಟ ಕಾಫಿ ಕುಡಿಯಬೇಕು, ಬರುವ ತಿಂಗಳು ಎಂದದ್ದನ್ನು ನಂಬಿ ಬಸ್ಸು ಹತ್ತಬೇಕು. ಈಗ ನೆನೆಸಿಕೊಂಡರೂ ನನ್ನ ಮೈ ಉರಿಯುತ್ತದೆ.

ನಾನು ದೇವರಾಜು. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಓದಿದ್ದು ಪಿಯುಸಿ, ಅದೂ ಡುಮ್ಕಿ. ಇಂದ್ರಮ್ಮ ನಾಗಮಂಗಲದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಲೆಕ್ಚರರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವವಳು. ಮೆತ್ತಗೆ ಮಾತಾಡುತ್ತಾಳೆ, ಕೊಟ್ಟ ಮಾತಿಗೆ ಮಾತ್ರ ಮೊಂಡುಬಿದ್ದು ನಿಲ್ಲುತ್ತಾಳೆ. ನೆಂಟರ ಮನೆಗೆ ಭಾನುವಾರ ಬರುತ್ತೇನೆಂದು ಹೇಳಿದ್ದಳೆಂದು ಜ್ವರದಲ್ಲಿ ಹೋಗಿ ಅವರಿಗೂ ಜ್ವರ ಹತ್ತಿಸಿ ಬಂದ ಹೆಂಗಸು ಅವಳು.

ಅವಳು ಪಿಎಚ್.ಡಿ. ಮಾಡಿದ್ದು ಮುಯ್ಯಿಯ ಮೇಲೆ. ನಮ್ಮ ಕಡೆ ಮದುವೆ ಮನೆಯಲ್ಲಿ ಉಡುಗೊರೆ ಅನ್ನುವುದಿಲ್ಲ, ಮುಯ್ಯಿ ಅನ್ನುತ್ತೇವೆ. ನೀವು ನಮ್ಮ ಮನೆಯ ಮದುವೆಗೆ ಬಿಂದಿಗೆ ಕೊಟ್ಟರೆ ನಾಳೆ ನಿಮ್ಮ ಮನೆಯ ಮದುವೆಗೆ ನಾವು ಬಿಂದಿಗೆ ಹೊತ್ತುಕೊಂಡು ಬರಲೇಬೇಕು. ನಾವು ಸತ್ತಿದ್ದರೆ ನಮ್ಮ ಸೊಸೆ ಬರಬೇಕು. ಕೊಟ್ಟದ್ದು ಯಾರು, ಯಾವ ಊರು, ಏನು ಕೊಟ್ಟರು ಅನ್ನುವುದನ್ನು ಮದುವೆ ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳುವ ಪದ್ಧತಿ. ಇದರಲ್ಲಿ ಓದುವುದೇನಿದೆ, ಬರೆಯುವುದೇನಿದೆ ಎಂದು ನಾನು ಮೊದಮೊದಲು ನಕ್ಕಿದ್ದುಂಟು. ಆಮೇಲೆ ಅವಳ ಟೇಪ್ ರೆಕಾರ್ಡರು ಕೆಟ್ಟಾಗಲೆಲ್ಲ ರಿಪೇರಿ ಮಾಡಿಕೊಡುತ್ತ, ಅದರಲ್ಲಿ ಹೆಂಗಸರು ಆಡಿದ್ದ ಮಾತು ಕೇಳುತ್ತ ಕೇಳುತ್ತ ನನಗೂ ಹುಚ್ಚು ಹಿಡಿಯಿತು.

ರಜೆ ಬಂತೆಂದರೆ ಇವಳು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ಅರಕೆರೆ, ದೇವಲಾಪುರ, ಕೆ.ಆರ್.ಪೇಟೆಯ ಆಚೀಚಿನ ಊರುಗಳು. ಹೆಂಗಸರ ಅಡುಗೆ ಮನೆಯಲ್ಲಿ ಕೂತು, ಅವರು ಮುದ್ದೆ ತೊಳಸುವಾಗ, ಅವರೆಕಾಯಿ ಸುಲಿಯುವಾಗ ಕೇಳಿಸಿಕೊಳ್ಳುತ್ತಿದ್ದಳು. ಊಟ ಮಾಡದೆ ಯಾರೂ ಎದ್ದು ಹೋಗಗೊಡುತ್ತಿರಲಿಲ್ಲ. ಬರುವಾಗ ಚೀಲದ ತುಂಬ ಬದನೆಕಾಯಿ, ಸೊಪ್ಪು, ಒಂದು ಸಲ ಜೀವಂತ ಹುಂಜ. ಆ ಹುಂಜ ಬಸ್ಸಿನಲ್ಲಿ ತಪ್ಪಿಸಿಕೊಂಡು ಡ್ರೈವರಿನ ಹೆಗಲೇರಿ ಕೂತಿತ್ತಂತೆ.

ಇಷ್ಟಾಗಿಯೂ ಪ್ರಬಂಧದಲ್ಲಿ ಆ ಹೆಂಗಸರ ಹೆಸರು ಬರಲಿಲ್ಲ. ಸಂಶೋಧನೆಯಲ್ಲಿ ಹಾಗೆ ಹೆಸರು ಹಾಕುವಂತಿಲ್ಲ ಎಂದು ಅವಳ ಮಾರ್ಗದರ್ಶಕರು ಹೇಳಿ, ಒಬ್ಬೊಬ್ಬರಿಗೂ ಒಂದೊಂದು ನಂಬರು ಕೊಡಿಸಿದರು. ಮುಯ್ಯಿ ಅಂದರೇನೆಂದು ಇವಳಿಗೆ ಅಕ್ಷರ ತೀಡಿಸಿದ ಹಾಗೆ ತಿಳಿಸಿಕೊಟ್ಟ ಅರಕೆರೆಯ ದ್ಯಾವಮ್ಮ ಒಂದು ನಂಬರು. ಹುಂಜ ಕೊಟ್ಟ ದೇವಲಾಪುರದ ಚೌಡಮ್ಮ ಇನ್ನೊಂದು ನಂಬರು. ಜೈಲಿನಲ್ಲಿ ಹಾಕುವ ಹಾಗೆ ಹಾಕಿದ್ದಾರಲ್ಲ ಎಂದು ನಾನೇ ಬೈದೆ. ಅವತ್ತು ಇಂದ್ರಮ್ಮ ನಿರ್ಧಾರ ಮಾಡಿದಳು. ಪ್ರಬಂಧ ಪುಸ್ತಕವಾಗಿ ಬರುವಾಗ ಕೊನೆಯಲ್ಲಿ ಎಲ್ಲರ ಹೆಸರು, ಊರು ಹಾಕಿಸಬೇಕು. ಅವರು ಉಣ್ಣಿಸಿದ್ದಕ್ಕೆ, ಹೇಳಿಕೊಟ್ಟದ್ದಕ್ಕೆ ತಾನು ಕೊಡಬಹುದಾದ ಮುಯ್ಯಿ ಅದೊಂದೇ ಎಂದು ಊರೂರಿಗೆ ಹೋಗಿ ಹೇಳಿಯೂ ಬಂದಳು. ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

ತೊಂಬತ್ತೆರಡರಲ್ಲಿ ಪ್ರಬಂಧ ಹೊತ್ತುಕೊಂಡು ಮೈಸೂರಿನ ಪ್ರಕಾಶಕರಾದ ಮರಿಸ್ವಾಮಿಯವರ ಹತ್ತಿರ ಹೋದೆವು. ಪ್ರಕಾಶನದ ಹೆಸರು ಹೇಳುವುದಿಲ್ಲ, ಆ ಮನುಷ್ಯ ಪುಸ್ತಕ ತರುವುದು ನಿಧಾನವಾದರೂ ಕೋರ್ಟಿಗೆ ಹೋಗುವುದು ನಿಧಾನವಾಗಲಾರದು. ಮೂಲ ಕೆ.ಆರ್.ಪೇಟೆ ಕಡೆಯ ರೈತರ ಮಗ. ಗೈಡುಗಳನ್ನು ಅಚ್ಚುಹಾಕಿ ಮೇಲೆ ಬಂದವರು. ನಮ್ಮ ಸೀಮೆಯವರು, ನಮ್ಮ ಮುಯ್ಯಿಯ ಬಗ್ಗೆ ಬರೆದಿದ್ದೀರಿ, ನಾನಲ್ಲದೆ ಇನ್ನಾರು ತರಬೇಕು ಎಂದು ಎದೆ ಮುಟ್ಟಿಕೊಂಡು ಹೇಳಿದರು. ಹೆಸರುಗಳ ಮಾತೆತ್ತಿದರೆ ಅದಕ್ಕೇನಂತೆ, ಧಾರಾಳವಾಗಿ ಹಾಕೋಣ ಎಂದರು. ಇಂದ್ರಮ್ಮ ಬರುವಾಗ ಮೈಸೂರಿನಲ್ಲೇ ಸಿಹಿ ಕೊಂಡಳು.

ಮೊದಲ ವರ್ಷ ಅದು ಯಾರೋ ತಜ್ಞರ ಮನೆಯಲ್ಲಿತ್ತು. ಅವರು ಓದಿ ಒಪ್ಪಿಗೆ ಕೊಡಬೇಕಂತೆ. ಅವರು ಓದಿದರೋ, ತಲೆದಿಂಬು ಮಾಡಿಕೊಂಡು ಮಲಗಿದರೋ ದೇವರಿಗೇ ಗೊತ್ತು. ಕೊನೆಗೆ ಬರೆದು ಕಳಿಸಿದ್ದು ವಿಷಯ ಚೆನ್ನಾಗಿದೆ, ಆದರೆ ಲೇಖಕಿ ರಷ್ಯಾದ ಹಳ್ಳಿಗಳನ್ನೂ ಹೋಲಿಸಿ ನೋಡಬಹುದಿತ್ತು ಎಂದು. ಇವಳಿಗೆ ನಾಗಮಂಗಲಕ್ಕೆ ಹೋಗುವ ಬಸ್ಸೇ ದಿನ ಬಿಟ್ಟು ದಿನ ಕೆಟ್ಟು ನಿಲ್ಲುತ್ತದೆ, ರಷ್ಯಾಕ್ಕೆ ಯಾವ ಬಸ್ಸು ಹತ್ತುತ್ತಾಳೆ?

ಅದಾದ ಮೇಲೆ ಪ್ರತಿ ಕಳೆದುಹೋಯಿತು. ಮರಿಸ್ವಾಮಿಯವರು ನಿಮಗೇ ವಾಪಸು ಕೊಟ್ಟೆನಲ್ಲ ಎಂದರು. ಇವಳು ಇಲ್ಲ ಸಾರ್ ಎಂದಳು. ನಾನು ಸುಮ್ಮನಿರಲಾರದೆ ಒಳಗೆ ನುಗ್ಗಿ ಹುಡುಕಿದೆ. ಪ್ರೂಫ್ ತಿದ್ದುವ ಕುಳ್ಳಯ್ಯ ಎನ್ನುವವರು ಎತ್ತರದ ಮೇಜಿಗೆ ಎಟುಕಲೆಂದು ಕುರ್ಚಿಯ ಮೇಲೆ ಏನೋ ಇಟ್ಟುಕೊಂಡು ಕೂತಿದ್ದರು. ಎಬ್ಬಿಸಿದರೆ ನನ್ನ ಹೆಂಡತಿಯ ಐದು ವರ್ಷದ ದುಡಿಮೆ ಅಲ್ಲಿತ್ತು. ಪಾಪ, ಕುಳ್ಳಯ್ಯನವರು ನಾಚಿಕೊಂಡರು. ಪುಸ್ತಕದ ಗಾತ್ರ ಒಳ್ಳೇದಿದೆ ತಾಯಿ ಎಂದು ಇವಳಿಗೆ ಸಮಾಧಾನ ಬೇರೆ ಹೇಳಿದರು.

ಪ್ರೂಫ್ ಬರಲು ಮತ್ತೊಂದು ವರ್ಷ. ಬಂದ ದಿನ ನಾವಿಬ್ಬರೂ ಅಂಗಡಿಯಲ್ಲೇ ಕೂತು ಬಿಚ್ಚಿದೆವು. ಮೊದಲ ಅಧ್ಯಾಯ ಸರಿಯಾಗಿತ್ತು. ಬಾಣಂತಿಗೆ ತವರಿನವರು ತರುವ ಮುಯ್ಯಿಯ ಬಗ್ಗೆ ಓದುತ್ತಿದ್ದ ಇಂದ್ರಮ್ಮ ಒಮ್ಮೆಲೇ ನಿಲ್ಲಿಸಿದಳು. ಏಳನೆಯ ದಿನ ಕಣ್ಣಿಗೆ ಒಂದು ಹನಿ ಲಸಿಕೆ ಹಾಕಬೇಕು, ಸೊರಗಿದವುಗಳನ್ನು ಗುಂಪಿನಿಂದ ಬೇರ್ಪಡಿಸಬೇಕು ಎಂದು ಬರೆದಿತ್ತು. ಅವರೇ ಅಚ್ಚುಹಾಕುತ್ತಿದ್ದ ಕೋಳಿ ಸಾಕಣೆಯ ಪುಸ್ತಕ ಇವಳ ಪುಸ್ತಕದೊಳಕ್ಕೆ ಬಂದು ಸಂಸಾರ ಹೂಡಿತ್ತು. ನಾನು ನಕ್ಕೆ. ಅವಳು ನಗಲಿಲ್ಲ, ಕೆಂಪು ಪೆನ್ನು ತೆಗೆದುಕೊಂಡು ಕೋಳಿಗಳನ್ನು ಹೊಡೆದುಹಾಕುತ್ತ ಕೂತಳು.

ಇಷ್ಟೂ ಕಾಲ ಆ ಹೆಂಗಸರು ಕೇಳುತ್ತಲೇ ಇದ್ದರು. ಸಂತೆಯಲ್ಲಿ ಸಿಕ್ಕರೆ ಬುಕ್ಕು ಬಂತಾ, ಆಸ್ಪತ್ರೆಯಲ್ಲಿ ಸಿಕ್ಕರೆ ಬುಕ್ಕು ಬಂತಾ. ಬರುವ ಯುಗಾದಿಗೆ, ಬರುವ ಗೌರಿಗೆ ಎಂದು ಇವಳೂ ಮರಿಸ್ವಾಮಿಯವರ ಹಾಗೆ ವಾಯಿದೆ ಹೇಳುವುದನ್ನು ಕಲಿತಳು. ಆಮೇಲಾಮೇಲೆ ದೂರದಲ್ಲಿ ಅವರನ್ನು ಕಂಡರೆ ಪಕ್ಕದ ಬೀದಿಗೆ ತಿರುಗಿಕೊಳ್ಳುತ್ತಿದ್ದಳು. ತೊಂಬತ್ತೈದರಲ್ಲಿ ದೇವಲಾಪುರದ ಚೌಡಮ್ಮ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೇಳಿದ್ದಕ್ಕೆ, "ಎಸ್ರು ನೋಡ್ದೆ ಓಗ್ಬುಟ್ರು ಕಣ್ರೀ" ಎಂದಳು. ಕಾಲೇಜಿನಲ್ಲಿ ಶುದ್ಧವಾಗಿ ಪಾಠ ಮಾಡುವವಳು, ತುಂಬ ನೊಂದಾಗ ಮಾತ್ರ ತವರಿನ ಮಾತಿಗೆ ಬರುತ್ತಾಳೆ.

ತೊಂಬತ್ತಾರರಲ್ಲಿ ಅಂತೂ ಇಂತೂ ಎಲ್ಲ ಮುಗಿದು ಅಚ್ಚಿಗೆ ಹೋಗುತ್ತದೆ ಅನ್ನುವಾಗ ಮರಿಸ್ವಾಮಿಯವರು ಹೇಳಿ ಕಳಿಸಿದರು. ಹೋದೆವು. ಪುಸ್ತಕವೆಂದರೆ ಹದಿನಾರು ಪುಟಕ್ಕೆ ಒಂದು ಫಾರಂ. ಕೊನೆಯ ಹೆಸರುಗಳನ್ನು ಕಿತ್ತುಹಾಕಿದರೆ ಒಂದು ಫಾರಂನ ಖರ್ಚು ಉಳಿಯುತ್ತದೆ. ಯಾರಿಗೂ ಗೊತ್ತಿಲ್ಲದ ಹಳ್ಳಿ ಹೆಂಗಸರ ಹೆಸರು ಕಟ್ಟಿಕೊಂಡು ಓದುಗರಿಗೇನು ಆಗಬೇಕು, ತೆಗೆದುಬಿಟ್ಟಿದ್ದೇನೆ ಎಂದರು. ಕೇಳಲಿಲ್ಲ, ತಿಳಿಸಿದರು. ಇಂದ್ರಮ್ಮ ಮಾತು ಕೊಟ್ಟಿದ್ದೇನೆ ಸಾರ್ ಎಂದಳು. ಅವರು ನನ್ನ ಮುಂದಿನ ಮಾತು ಊಹಿಸಿ, ಮೇಜಿನ ಮೇಲಿದ್ದ ಮದುವೆ ಪತ್ರಿಕೆಯೊಂದನ್ನು ನನ್ನ ಕೈಗೆ ತುರುಕಿದರು. ಬರುವ ವಾರ ಕೆ.ಆರ್.ಪೇಟೆಯಲ್ಲಿ ಮಗಳ ಮದುವೆ, ಅದು ಮುಗಿದ ಮೇಲೆ ಅಚ್ಚು, ನಿಮ್ಮ ಕಡೆಯವರನ್ನೆಲ್ಲ ಕರೆದುಕೊಂಡು ತಪ್ಪದೆ ಬನ್ನಿ ಎಂದು ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಪತ್ರಿಕೆ ಕೊಡುವವರೆಲ್ಲ ಆಡುವ ಮಾತು ಅದು.

ನನ್ನ ಸಿಟ್ಟು ನೆತ್ತಿಗೇರಿತು. ಮದುವೆಗೆ ಹೋಗಿ ಅಷ್ಟೂ ಜನರ ಮುಂದೆ ಅವರ ಬಣ್ಣ ಬಯಲು ಮಾಡಿಯೇ ಬರುವುದೆಂದು ದಾರಿಯುದ್ದಕ್ಕೂ ಭಾಷಣ ಅಭ್ಯಾಸ ಮಾಡಿದೆ. ಇಂದ್ರಮ್ಮ ಶ್ರೀರಂಗಪಟ್ಟಣದಲ್ಲೇ ಬಸ್ಸಿಳಿದು ಅರಕೆರೆ ಬಸ್ಸು ಹಿಡಿದಳು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು ಅವಳಿಗೆ. ಹೆಸರು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಬಿಡುವುದು ವಾಸಿ ಅಂದುಕೊಂಡಿದ್ದಳು. ನಾನೂ ಹಿಂದೆ ಹೋದೆ.

ದ್ಯಾವಮ್ಮ ಜಗುಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದರು. ಇವಳು ಹೇಳಿದ್ದನ್ನೆಲ್ಲ ಕೇಳಿದರು. ಫಾರಂ ಅಂದರೇನೆಂದು ಅವರಿಗೆ ತಿಳಿಯಲಿಲ್ಲ, ಇವಳ ಕಣ್ಣಲ್ಲಿ ನೀರು ಬಂದದ್ದು ತಿಳಿಯಿತು. ಮೊರ ಕೆಳಗಿಟ್ಟು, ಆ ಮನುಷ್ಯ ಯಾರ ಮಗ, ಯಾವ ಊರು ಎಂದು ವಿಚಾರಿಸಿದರು. ನನ್ನ ಜೇಬಿನಲ್ಲಿದ್ದ ಪತ್ರಿಕೆಯನ್ನು ನೋಡಿ ಅದೇನೆಂದು ಕೇಳಿದರು. ಮದುವೆಗೆ ನಿಮ್ಮ ಕಡೆಯವರನ್ನೆಲ್ಲ ಕರೆದುಕೊಂಡು ಬನ್ನಿ ಅಂದಿದ್ದಾರೆ ಎಂದು ನಾನು ಹಲ್ಲು ಕಡಿಯುತ್ತ ಹೇಳಿದೆ.

"ನಾವು ನಿನ್ ಕಡೆಯೋರಲ್ವೇನವ್ವ? ಕರ್ದ್ಮೇಲೆ ಓಗ್ಬೇಕು," ಎಂದರು ದ್ಯಾವಮ್ಮ ಇಂದ್ರಮ್ಮನಿಗೆ. "ಬರೀ ಕೈಲಿ ಓಗಕಾಯ್ತದಾ? ಮುಯ್ಯಿ ತಕೊಂಡ್ ಓಗಾನ."

ಇಂದ್ರಮ್ಮ ಬೇಡವೆಂದಳು, ಗೋಗರೆದಳು. ಯಾರೂ ಕೇಳಲಿಲ್ಲ. ಬಸ್ ಕಂಡಕ್ಟರುಗಳ ಬಾಯಲ್ಲಿ ಊರೂರಿಗೆ ಸುದ್ದಿ ಹೋಯಿತು. ಮದುವೆಯ ದಿನ ಎರಡು ಮೆಟಡಾರು ತುಂಬ ಹೆಂಗಸರು. ಬಿಂದಿಗೆ, ಕೊಳಗ, ಅಕ್ಕಿ, ಬೆಲ್ಲ, ತೆಂಗಿನಕಾಯಿ. ಬರಲಾಗದವರು ಬಂದವರ ಕೈಯಲ್ಲಿ ಕಳಿಸಿದ್ದರು. ಚೌಡಮ್ಮನ ಮನೆಯಿಂದ ಸೊಸೆ ಬಂದಿದ್ದಳು. ಇಂದ್ರಮ್ಮ ಇಷ್ಟು ಜನರ ಮಧ್ಯೆ ಖಾಲಿ ಕೈಯಲ್ಲಿ ನಿಲ್ಲಲಾರದೆ ನಮ್ಮ ಮನೆಯ ಕಂಚಿನ ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನಾನು ಭಾಷಣ ಬಾಯಿಪಾಠ ಮಾಡಿಕೊಂಡು, ಅಂಗಿಯ ತೋಳು ಮಡಿಸಿಕೊಂಡು ಡ್ರೈವರಿನ ಪಕ್ಕ ಕೂತಿದ್ದೆ.

ಕಲ್ಯಾಣ ಮಂಟಪದಲ್ಲಿ ಧಾರೆ ಮುಗಿದು ಮುಯ್ಯಿ ಶುರುವಾಗಿತ್ತು. ಪ್ರಕಾಶಕರಾದರೇನು, ಅವರ ತಾಯಿ ಬದುಕಿರುವ ತನಕ ಆ ಮನೆಯಲ್ಲಿ ಹಳೇ ಪದ್ಧತಿಯೇ. ಮುದುಕಿ ವೇದಿಕೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕುಳ್ಳಯ್ಯನವರು ಮೈಕು ಹಿಡಿದು ಕೂಗುತ್ತಿದ್ದರು, ಕೂಗಿದ್ದನ್ನು ಹಳೇ ಪ್ರೂಫಿನ ಬೆನ್ನ ಮೇಲೆ ಬರೆದುಕೊಳ್ಳುತ್ತಿದ್ದರು. ನಮ್ಮ ಹೆಂಗಸರು ತಲೆಯ ಮೇಲೆ ಹೊತ್ತು ಸಾಲಾಗಿ ಒಳಗೆ ಬಂದರು. ಅರಕೆರೆ ದ್ಯಾವಮ್ಮನ ಮುಯ್ಯಿ, ಹಿತ್ತಾಳೆ ಬಿಂದಿಗೆ. ದೇವಲಾಪುರದ ಚೌಡಮ್ಮನ ಮುಯ್ಯಿ, ಬೆಲ್ಲ, ತೆಂಗಿನಕಾಯಿ. ಮರಿಸ್ವಾಮಿಯವರು ಕಿತ್ತುಹಾಕಿದ ಹೆಸರುಗಳೆಲ್ಲ ಅವರ ಮಗಳ ಮದುವೆಯಲ್ಲಿ, ಅವರದೇ ದುಡ್ಡಿನ ಮೈಕಿನಲ್ಲಿ, ಒಂದಾದ ಮೇಲೊಂದು ಹೊರಗೆ ಬಂದವು. ಬೀಗರು ತಿರುಗಿ ತಿರುಗಿ ನೋಡುತ್ತಿದ್ದರು. ಮರಿಸ್ವಾಮಿಯವರ ಮುಖ ಹರಳೆಣ್ಣೆ ಕುಡಿದವರ ಮುಖದ ಹಾಗಾಗಿತ್ತು.

ಮುದುಕಿಗೆ ಗಾಬರಿಯಾಯಿತು. ಇಸಿದುಕೊಂಡ ಮುಯ್ಯಿಯನ್ನು ತಿರುಗಿಸಬೇಕಾದವರು ಅವರ ಮನೆಯವರು, ಇವರೆಲ್ಲ ಯಾರೆಂದೇ ಗೊತ್ತಿಲ್ಲ. ದ್ಯಾವಮ್ಮನ ಕೈ ಹಿಡಿದು ನಿಲ್ಲಿಸಿ, ನಿಮಗೂ ನಮಗೂ ಯಾವ ಕಡೆಯ ನೆಂಟಸ್ತಿಕೆ ಎಂದು ಕೇಳಿದರು.

"ನಿನ್ ಮಗ ನಮ್ ಎಸ್ರುನ್ನೆಲ್ಲ ಬುಕ್ಕಲ್ಲಿ ಅಚ್ಚಾಕುಸ್ತೀನಿ ಅಂದಿದ್ನಂತೆ ಕಣವ್ವ," ಎಂದರು ದ್ಯಾವಮ್ಮ. ಅವರ ದನಿಯಲ್ಲಿ ಜಗಳದ ಸುಳಿವೂ ಇರಲಿಲ್ಲ. "ಆವತ್ತಿಂದ ನಂಟ್ರೇ ಅಲ್ವಾ."

ನಾನು ಭಾಷಣ ಶುರುಮಾಡಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮುದುಕಿ ಮಗನ ಕಡೆ ತಿರುಗಿದರು. ಪಂಚೆ, ಜರಿಪೇಟ ಎಲ್ಲ ತೊಟ್ಟು ನಿಂತಿದ್ದ ಆ ದೊಡ್ಡ ಮನುಷ್ಯನನ್ನು, ಬೀಗರ ಮುಂದೆ, ಮೈಕು ಇನ್ನೂ ಆನ್ ಇರುವಾಗಲೇ ಕೇಳಿದರು. "ಆಕ್ಸಿದ್ದೀಯೇನ್ಲಾ ಮರಿ?"

ಮರಿಸ್ವಾಮಿಯವರು ಇಂದ್ರಮ್ಮನ ಕಡೆ ನೋಡಿದರು. ಅವಳು ತಟ್ಟೆ ಹಿಡಿದುಕೊಂಡು ತಲೆ ತಗ್ಗಿಸಿದ್ದಳು.

"ಆಕುಸ್ತೀನಿ ಕಣವ್ವ," ಎಂದರು.

ಹಾಕಿಸಲಿಲ್ಲ ಅಂದರೆ ಈ ಅಷ್ಟೂ ಊರಿನ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ನೀನೇ ಬಿಂದಿಗೆ ಹೊತ್ತುಕೊಂಡು ತಿರುಗಬೇಕಾಗುತ್ತದೆ ಎಂದು ಮುದುಕಿ ಗದರಿದರು. ಆಮೇಲೆ ನಮ್ಮನ್ನೆಲ್ಲ ತಾವೇ ಊಟಕ್ಕೆ ಕೂರಿಸಿದರು. ನನ್ನ ಭಾಷಣ ನನ್ನ ಹೊಟ್ಟೆಯಲ್ಲೇ ಉಳಿಯಿತು, ಅದರ ಮೇಲೆ ಎರಡು ಸಲ ಪಾಯಸ ಹಾಕಿಸಿಕೊಂಡೆ.

ತೊಂಬತ್ತೇಳರ ಬೇಸಿಗೆಯಲ್ಲಿ ಮೈಸೂರು ಬಸ್ಸಿನಲ್ಲಿ ಪಾರ್ಸೆಲು ಬಂತು. ಇಂದ್ರಮ್ಮನಿಗೆ ಕಾಲೇಜು ರಜೆ. ಅಂಗಡಿಯಲ್ಲಿ ಬಿಚ್ಚಿದೆವು. ಮುಖಪುಟದ ಮೇಲೆ ಆನೆ ಏರಿ ಕೂತ ಯಾವುದೋ ಉತ್ತರದೇಶದ ಮದುವಣಿಗ. ಮೇಲೆ "ಮದುವೆ ಮನೆಯ ಮುಯ್ಯಿ" ಎಂದು ಪುಸ್ತಕದ ಹೆಸರು, ಕೆಳಗೆ ಪ್ರಕಾಶನದ ಹೆಸರು. ಬರೆದವಳ ಹೆಸರಿಲ್ಲ. ಬೆನ್ನು ನೋಡಿದೆ, ಅಲ್ಲೂ ಇಲ್ಲ. ಒಳಗೆ ಹೆಸರಿರಬೇಕಾದ ಪುಟದಲ್ಲಿ ಅವರ ಎಸ್ಸೆಸ್ಸೆಲ್ಸಿ ಗೈಡುಗಳ ಜಾಹೀರಾತು ಹಾಕಿದ್ದರು. ನನ್ನ ಕೈಗೆ ಸ್ಪ್ಯಾನರು ಎಲ್ಲಿಂದ ಬಂತೋ ಗೊತ್ತಿಲ್ಲ. ಈಗಲೇ ಮೈಸೂರಿಗೆ ಹೋಗುತ್ತೇನೆ, ಆ ಮರಿಯ ತಾಯಿಯನ್ನೂ ಕರೆದುಕೊಂಡೇ ಹೋಗುತ್ತೇನೆ, ಇವತ್ತು ಅವನಿಗೊಂದು ಗತಿ ಕಾಣಿಸುತ್ತೇನೆ ಎಂದು ಕೂಗಾಡಿದೆ.

ಇಂದ್ರಮ್ಮ ಮುಖಪುಟವನ್ನು ನೋಡಿಯೇ ಇರಲಿಲ್ಲ. ಅವಳು ಪುಸ್ತಕವನ್ನು ಹಿಂದಿನಿಂದ ತೆರೆದಿದ್ದಳು. ನೋಡುತ್ತ ನೋಡುತ್ತ ಅವಳಿಗೆ ನಗು ತಡೆಯಲಾಗಲಿಲ್ಲ, ಕೆಮ್ಮು ಬರುವಷ್ಟು ನಕ್ಕಳು. ನಾನು ಬಗ್ಗಿ ನೋಡಿದೆ. ಅವಳು ಬರೆದುಕೊಟ್ಟಿದ್ದ ಹೆಸರಿನ ಹಾಳೆಗಳನ್ನು ಎಂದಿನಂತೆ ಕಳೆದು, ಕುಳ್ಳಯ್ಯನವರು ಮದುವೆಯಲ್ಲಿ ನಮ್ಮವರ ಮುಯ್ಯಿ ಬರೆದುಕೊಂಡಿದ್ದ ಹಾಳೆಗಳನ್ನೇ ತೆಗೆದು ಅಚ್ಚುಹಾಕಿಬಿಟ್ಟಿದ್ದರು. ಅರಕೆರೆ ದ್ಯಾವಮ್ಮ, ಹಿತ್ತಾಳೆ ಬಿಂದಿಗೆ. ಅದರ ಕೆಳಗೆ ಇನ್ನೊಬ್ಬರು, ಅಕ್ಕಿ. ಹೀಗೇ ಊರು, ಹೆಸರು, ಕೊಟ್ಟ ವಸ್ತು ಸಮೇತ ಅಷ್ಟೂ ಹೆಂಗಸರು. ಒಬ್ಬರೂ ಬಿಟ್ಟುಹೋಗಿರಲಿಲ್ಲ. ಎಲ್ಲರ ಕೊನೆಯಲ್ಲಿ, ಪಾಂಡವಪುರ ಇಂದ್ರಮ್ಮ, ಕಂಚಿನ ತಟ್ಟೆ.

ಆ ಪುಸ್ತಕದಲ್ಲಿ ಅವಳ ಹೆಸರು ಇದ್ದದ್ದು ಅದೊಂದೇ ಕಡೆ.

ಎಲ್ಲವನ್ನೂ ವಾಪಸು ಕಳಿಸೋಣ, ಬೇರೆ ಮುಖಪುಟ ಹಾಕಿಸದೆ ಬಿಡುವುದಿಲ್ಲ ಎಂದೆ. ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನನ್ನ ಕೈಗೆ ಕೊಡಲಿಲ್ಲ.

"ಬ್ಯಾಡ ಕಣ್ರೀ," ಎಂದಳು. "ಅವ್ರ್ ಜೊತೇಲೇ ಐತಲ್ಲ. ನಂಗಿಷ್ಟು ಸಾಕು."

ಸಾಕಂತೆ. ಐದು ವರ್ಷ ಓಡಾಡಿ, ಮತ್ತೈದು ವರ್ಷ ಕಾದು, ಸಾಕಂತೆ. ನನಗೆ ಸಿಟ್ಟು ಇಳಿಯಲಿಲ್ಲ, ಆದರೆ ಸ್ಪ್ಯಾನರು ಕೆಳಗಿಟ್ಟೆ. ಅವಳು ರಿಪೇರಿಗೆ ಬಂದಿದ್ದ ಒಂದು ಮೋಟಾರಿನ ಮೇಲೆ ಕೂತು ಆ ಪುಟಗಳನ್ನು ಗಟ್ಟಿಯಾಗಿ ಓದತೊಡಗಿದಳು. ಮೋಟಾರು ಕೇಳಲು ಬಂದ ರೈತನೂ ಬಯ್ಯುವುದನ್ನು ಮರೆತು ಬಾಗಿಲಲ್ಲಿ ನಿಂತ. ಚೌಡಮ್ಮನ ಹೆಸರು ಬಂದಾಗ ಎರಡು ಸಲ ಓದಿದಳು. ಕಟ್ಟಕಡೆಯ ಸಾಲಿಗೆ ಬಂದು ನಾಚಿಕೊಂಡು ಸುಮ್ಮನಾದಳು. ಅದನ್ನು ನಾನು ಓದಿದೆ, ಎದುರು ಹೋಟೆಲಿನವರಿಗೂ ಕೇಳುವಷ್ಟು ಜೋರಾಗಿ.